ಲಸಿಕೆಯ ಸೂಜಿಯಿಂದಾದ ಭುಜದ ಗಾಯಕ್ಕೆ ಪರಿಹಾರ: ವಕೀಲರ ಕಚೇರಿಯೊಂದರ ಸೇವೆ

ಲಸಿಕೆಯ ಸೂಜಿಯನ್ನು ತೋಳಿನ ತೀರ ಮೇಲ್ಭಾಗದಲ್ಲಿ ಚುಚ್ಚಿದರೆ ಅದು ಸ್ನಾಯುವನ್ನು ಬಿಟ್ಟು ಭುಜದ ಕೀಲಿನ ಸುತ್ತಲಿನ ಭಾಗವನ್ನು ಹೊಕ್ಕು, ತಿಂಗಳುಗಟ್ಟಲೆ ಕೈ ಎತ್ತಲಾಗದಂತೆ ಮಾಡಬಹುದು. ಅಮೆರಿಕದಲ್ಲಿ ‘ಸಿರ್ವಾ’ ಎಂದು ಕರೆಯುವ ಈ ಗಾಯ ಅಲ್ಲಿ ನೆಲೆಸಿರುವ ನನ್ನ ಅಕ್ಕನಿಗೆ ಫ್ಲೂ ಲಸಿಕೆಯ ನಂತರ ಆಯಿತು. ಅವಳ ಪರವಾಗಿ ಅರ್ಜಿ ನಡೆಸಿದ ವಕೀಲರ ಕಚೇರಿಯ ಕೆಲಸವನ್ನು ಹತ್ತಿರದಿಂದ ಕಂಡು ಈ ಅಭಿಪ್ರಾಯ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಇಂಥ ಗಾಯಕ್ಕೆ ಸೂಜಿ ಚುಚ್ಚಿದವರ ಮೇಲೆ ಮೊಕದ್ದಮೆ ಹೂಡುವುದಿಲ್ಲ. ಲಸಿಕೆಯ ಗಾಯಗಳ ಪರಿಹಾರಕ್ಕಾಗಿ ಇರುವ 1986ರ ಕಾಯಿದೆಯಂತೆ ಅಲ್ಲಿನ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯೇ ಪ್ರತಿವಾದಿ; ಲಸಿಕೆಯ ಮೇಲೆ, ಅದು ತಡೆಯುವ ಪ್ರತಿ ರೋಗಕ್ಕೆ 75 ಸೆಂಟ್‌ನಂತೆ ವಿಧಿಸುವ ತೆರಿಗೆಯಿಂದ ಕೂಡಿದ ನಿಧಿಯಿಂದ ಪರಿಹಾರ ಸಿಗುತ್ತದೆ. ವಕೀಲರ ಶುಲ್ಕವನ್ನೂ ನ್ಯಾಯಾಲಯ ಒಪ್ಪಿದಷ್ಟು ಅದೇ ನಿಧಿಯಿಂದ ಪ್ರತ್ಯೇಕವಾಗಿ ಕೊಡುವುದರಿಂದ, ಅಲ್ಲಿನ ಅಪಘಾತದ ಮೊಕದ್ದಮೆಗಳಲ್ಲಿ ನಡೆಯುವಂತೆ ಕಕ್ಷಿದಾರರ ಹಣದಲ್ಲಿ ಪಾಲು ಕೇಳುವ ಹಾಗಿಲ್ಲ. ಈ ವಿಷಯವನ್ನು ಕಚೇರಿಯವರು ಮೊದಲ ಮಾತುಕತೆಯಲ್ಲೇ ಬಿಡಿಸಿ ಹೇಳಿದರು.

ಅವರ ನಿಜವಾದ ಸಾಮರ್ಥ್ಯ ಕಂಡದ್ದು ದಾಖಲೆಗಳ ವಿಷಯದಲ್ಲಿ. 2017ರಿಂದ ಈ ಗಾಯ ಪರಿಹಾರಕ್ಕೆ ಅರ್ಹವಾದ ಗಾಯಗಳ ಅಧಿಕೃತ ಪಟ್ಟಿಯಲ್ಲಿದೆಯಾದರೂ, ನೋವು 48 ಗಂಟೆಗಳೊಳಗೆ ಶುರುವಾಗಿರಬೇಕು, ಅದೇ ಭುಜಕ್ಕೆ ಸೀಮಿತವಾಗಿರಬೇಕು, ಆ ಭುಜದಲ್ಲಿ ಹಿಂದೆ ತೊಂದರೆ ಇದ್ದಿರಬಾರದು. ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆ ಸೇರಿದವರ ಹೊರತು ಉಳಿದವರಲ್ಲಿ ಅದರ ಪರಿಣಾಮ ಆರು ತಿಂಗಳು ಮೀರಿ ಉಳಿದಿರಬೇಕು. ಅಕ್ಕನ ವೈದ್ಯರು ಮೊದಲ ಭೇಟಿಯಲ್ಲಿ ‘ಕೆಲವು ವಾರಗಳಿಂದ ನೋವು’ ಎಂದಷ್ಟೇ ಬರೆದುಕೊಂಡಿದ್ದರು. ಈ ಒಂದು ಸಾಲು ಅರ್ಜಿಯನ್ನು ಕೆಡಿಸಬಹುದಾಗಿತ್ತು. ಕಚೇರಿಯವರು ಲಸಿಕೆಗೆ ಹಿಂದಿನ ಮೂರು ವರ್ಷಗಳ ಕಡತಗಳನ್ನೂ ಫಿಸಿಯೋಥೆರಪಿಯ ಟಿಪ್ಪಣಿಗಳನ್ನೂ ತರಿಸಿಕೊಂಡು, ಲಸಿಕೆಯ ರಾತ್ರಿಯೇ ಅವಳ ಕೈ ಏಳದ್ದನ್ನು ಕಂಡ ಮನೆಯವರಿಂದ ಪ್ರಮಾಣಪತ್ರ ಬರೆಸಿ ಆ ಕೊರತೆ ತುಂಬಿದರು.

ರಾಜಿಯ ಮೊತ್ತ ನಿರ್ಧರಿಸುವಾಗಲೂ ಅವರು ಆಸೆ ಹುಟ್ಟಿಸಲಿಲ್ಲ. ನೋವು ಮತ್ತು ಯಾತನೆಗೆ ಕಾನೂನಿನ ಮಿತಿ 2,50,000 ಡಾಲರ್ ಆದರೂ, ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾದವರಿಗೆ ಅದಕ್ಕಿಂತ ಬಹಳ ಕಡಿಮೆ ಸಿಗುವುದೇ ವಾಡಿಕೆಯೆಂದು ಹಿಂದಿನ ತೀರ್ಪುಗಳನ್ನು ಮುಂದಿಟ್ಟು ತೋರಿಸಿದರು. ಸರ್ಕಾರದ ಮೊದಲ ಪ್ರಸ್ತಾಪವನ್ನು ಒಪ್ಪದೆ, ಎಂಆರ್‌ಐ ವರದಿಯ ಆಧಾರದಲ್ಲಿ ಅದನ್ನು ಹೆಚ್ಚಿಸಿದ್ದು ಅವರ ಶ್ರಮವೇ.

ಆಕ್ಷೇಪಗಳೂ ಇವೆ. ತಿಂಗಳುಗಟ್ಟಲೆ ಅವರಾಗಿ ಒಂದು ಪತ್ರವನ್ನೂ ಕಳುಹಿಸುತ್ತಿರಲಿಲ್ಲ. ಕೇಳಿದರೆ ‘ಸರದಿ ಉದ್ದವಿದೆ’ ಎಂಬ ಉತ್ತರ, ಅದು ಸುಳ್ಳಲ್ಲ, ಆದರೆ ಸಾಲದು. ತೀರ್ಪು ನ್ಯಾಯಾಲಯದ ಜಾಲತಾಣದಲ್ಲಿ ಹೆಸರಿನೊಂದಿಗೆ ಪ್ರಕಟವಾಗುತ್ತದೆಂಬುದನ್ನೂ, ಖಾಸಗಿ ವೈದ್ಯಕೀಯ ವಿವರಗಳನ್ನು ಮರೆಮಾಡಲು 14 ದಿನಗಳೊಳಗೆ ಕೋರಬೇಕೆಂಬುದನ್ನೂ ಕೊನೆಯ ಹಂತದಲ್ಲಿ ತಿಳಿಸಿದ್ದು ನನಗೆ ಸರಿಕಾಣಲಿಲ್ಲ.

ಆದರೂ ಇಂಥ ಗಾಯವಾದವರಿಗೆ ಈ ಕಚೇರಿಯನ್ನು ಸೂಚಿಸಲು ನಾನು ಹಿಂಜರಿಯುವುದಿಲ್ಲ. ಮೊದಲ ಲಕ್ಷಣ ಕಂಡ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಕೆಯಾಗಬೇಕು. ಕೋವಿಡ್ ಲಸಿಕೆಯ ಪ್ರಕರಣಗಳನ್ನು ಅವರು ತೆಗೆದುಕೊಳ್ಳುವುದಿಲ್ಲ. ಅವು ಬೇರೆ ಯೋಜನೆಗೆ ಸೇರುತ್ತವೆ, ಅಲ್ಲಿ ಗಡುವು ಲಸಿಕೆ ಪಡೆದ ದಿನದಿಂದ ಒಂದೇ ವರ್ಷ, ವಕೀಲರ ಶುಲ್ಕವನ್ನು ಆ ಯೋಜನೆ ಭರಿಸುವುದಿಲ್ಲ.