ವಿಶೇಷ ಶಿಕ್ಷಣ ಸಿಬ್ಬಂದಿಗೆ ಆನ್‌ಲೈನ್ ಕಾನೂನು ತರಬೇತಿ: ಮಂಡ್ಯದ ಶಾಲೆಯೊಂದರಲ್ಲಿ ಮೂರು ವರ್ಷ ಬಳಸಿದ ಮೇಲೆ

ಮಂಡ್ಯದ ಖಾಸಗಿ ಶಾಲೆಯೊಂದರ ಸಂಪನ್ಮೂಲ ಕೊಠಡಿಯಲ್ಲಿ ನಾನು ವಿಶೇಷ ಶಿಕ್ಷಕಿ. ನಮ್ಮ ಆಡಳಿತ ಮಂಡಳಿಯವರು 2022ರ ಜೂನ್‌ನಲ್ಲಿ ವಿಶೇಷ ಶಿಕ್ಷಣದ ಸಿಬ್ಬಂದಿಗೆಂದು ಆನ್‌ಲೈನ್ ಕಾನೂನು ತರಬೇತಿಯೊಂದಕ್ಕೆ ಚಂದಾ ಕಟ್ಟಿದರು. ಅಲ್ಲಿಂದ ಮೂರು ಶೈಕ್ಷಣಿಕ ವರ್ಷ ನಾನು ಅದನ್ನು ಬಳಸಿದ್ದೇನೆ, ಇತರರಿಗೆ ಮಾಡಿಸಿದ್ದೇನೆ. ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಇಂಥ ತರಬೇತಿಯನ್ನು ಯಾರಿಂದ ಕೊಂಡರೂ ಕೊಳ್ಳುವ ಮೊದಲು ನೋಡಬೇಕಾದದ್ದು ಏನು ಎಂಬುದೇ ನನಗೆ ಮುಖ್ಯ.

ತರಬೇತಿಯ ಸ್ವರೂಪ ಸರಳವಾಗಿದೆ. ಒಂಬತ್ತು ಪಾಠಗಳಿವೆ, ಪ್ರತಿ ಪಾಠಕ್ಕೆ ಸುಮಾರು ಅರ್ಧ ಗಂಟೆಯ ವಿಡಿಯೊ, ಕೊನೆಯಲ್ಲಿ ಹತ್ತು ಪ್ರಶ್ನೆ, ಎಲ್ಲ ಮುಗಿದ ಮೇಲೆ ಪ್ರಮಾಣಪತ್ರ. ಚಂದಾ ಒಬ್ಬೊಬ್ಬರ ಲೆಕ್ಕದಲ್ಲಿರುತ್ತದೆ. ಈ ಪ್ರಮಾಣಪತ್ರದಿಂದ ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ (ಆರ್‌ಸಿಐ) ಮಾಡಿಸಿಕೊಳ್ಳುವ ನೋಂದಣಿಯ ನವೀಕರಣಕ್ಕೆ ಬೇಕಾದ ಅಂಕಗಳು ದೊರೆಯುವುದಿಲ್ಲ, ಅವುಗಳಿಗಾಗಿ ನಾವು ಈಗಲೂ ಪ್ರತ್ಯೇಕ ಕಾರ್ಯಕ್ರಮಗಳಿಗೆ ಮೈಸೂರಿಗೆ ಹೋಗಬೇಕು ಎಂಬುದು ಕೊಂಡ ಮೇಲಷ್ಟೇ ನಮಗೆ ತಿಳಿಯಿತು. ಇದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಮೊದಲ ವರ್ಷದ ಪಾಠಗಳು ಅಮೆರಿಕದ ಕಾನೂನಿನ ಮೇಲೆ ನಿಂತಿದ್ದವು. ವಿಕಲಚೇತನ ಮಕ್ಕಳ ಶಿಕ್ಷಣಕ್ಕಾಗಿ ಅಲ್ಲಿರುವ ಐಡಿಇಎ ಕಾಯ್ದೆಯ ಮೂಲ 1975ರದ್ದು. ಅದರ ಪ್ರಕಾರ ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ನಾವೆಲ್ಲ ಐಇಪಿ ಎನ್ನುವ ಕಾಗದ, ಶಾಲೆಯನ್ನು ಕಟ್ಟಿಹಾಕುವ ಕಾನೂನಿನ ದಾಖಲೆ. ಮಗುವಿಗೆ ಸೌಲಭ್ಯ ಬೇಕೆಂದು ನಿರ್ಧಾರವಾದ 30 ದಿನಗಳೊಳಗೆ ಐಇಪಿ ಸಭೆ ಸೇರಬೇಕು, ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಶೀಲಿಸಬೇಕು; ಒಪ್ಪಿಗೆಯಾಗದ ಪೋಷಕರು ವಿಚಾರಣೆ ಕೇಳಬಹುದು. ನಮ್ಮ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಇಂಥ ಗಡುವುಗಳಾಗಲಿ ಐಇಪಿಗೆಂದೇ ಮೀಸಲಾದ ವಿಚಾರಣೆಯ ವ್ಯವಸ್ಥೆಯಾಗಲಿ ಇಲ್ಲ. 16ನೇ ಕಲಂ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಬಗ್ಗೆ ಮಾತನಾಡುತ್ತದೆ: ತಾರತಮ್ಯವಿಲ್ಲದ ದಾಖಲಾತಿ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ, ಬೇಕಾದಲ್ಲಿ ವೈಯಕ್ತಿಕ ನೆರವು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸುವುದು. ಹೇಗೆ, ಎಷ್ಟು ದಿನದೊಳಗೆ ಎಂಬುದನ್ನು ಶಾಲೆಯೇ ತೀರ್ಮಾನಿಸಿಕೊಳ್ಳಬೇಕು. ಈ ಅಂತರವನ್ನು ತರಬೇತಿ ಎಲ್ಲಿಯೂ ಹೇಳದೆ ಹೋದದ್ದರಿಂದ, ನಮ್ಮ ಸಹೋದ್ಯೋಗಿಯೊಬ್ಬರು ಪೋಷಕರ ಸಭೆಯಲ್ಲಿ ‘ಕಾನೂನಿನ ಪ್ರಕಾರ ಮೂವತ್ತು ದಿನ’ ಎಂದು ಮಾತು ಕೊಟ್ಟು, ಮರುದಿನ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅಲ್ಲಿನ ಶಿಸ್ತು ಮಾತ್ರ ನನಗೆ ಹಿಡಿಸಿತು. ಕಾನೂನು ಒತ್ತಾಯಿಸದಿದ್ದರೂ 30 ದಿನದ ಗಡುವನ್ನು ನನ್ನ ಕೊಠಡಿಯ ನಿಯಮವಾಗಿ ಇಟ್ಟುಕೊಂಡಿದ್ದೇನೆ.

ಎರಡನೆಯ ವರ್ಷ ಭಾರತದ ಕಾನೂನುಗಳನ್ನು ಆಧರಿಸಿದ ಪಾಠಗಳು ಬಂದವು. ಅವುಗಳಲ್ಲಿ ನಾನು ಮನಸ್ಸು ತುಂಬಿ ಮೆಚ್ಚುವುದು ಪರೀಕ್ಷಾ ಸೌಲಭ್ಯದ ಪಾಠವನ್ನು. ನಮ್ಮ ಕಚೇರಿಯಲ್ಲಿ ಹೆಚ್ಚುವರಿ ಸಮಯ ಕೇಳಿದ ಮಗುವಿಗೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ ಒಂದೇ: ‘ಶೇಕಡಾ 40ರ ಅಂಗವೈಕಲ್ಯದ ಸರ್ಟಿಫಿಕೇಟ್ ಇದೆಯೇ?’ ಬರವಣಿಗೆಯಲ್ಲಿ ತೀವ್ರ ತೊಂದರೆ ಇದ್ದೂ ಕಾಗದದ ಮೇಲೆ 40ಕ್ಕೆ ಮುಟ್ಟದ ಮಕ್ಕಳು ಅಲ್ಲಿಂದಲೇ ಹಿಂದಿರುಗುತ್ತಿದ್ದರು. ಪಾಠವು 2021ರ ಫೆಬ್ರುವರಿಯ ವಿಕಾಶ್ ಕುಮಾರ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪನ್ನು ಎತ್ತಿಕೊಂಡು, ಬರೆಯಲು ಕೈ ಸಹಕರಿಸದ ಅಭ್ಯರ್ಥಿಗೆ ಲಿಪಿಕಾರರನ್ನು, ಅಂದರೆ ಅವರ ಪರವಾಗಿ ಉತ್ತರ ಬರೆಯುವವರನ್ನು, ನಿರಾಕರಿಸಲು ಶೇಕಡಾ 40ರ ಗೆರೆಯನ್ನು ನೆಪವಾಗಿಸಕೂಡದು, ಹೊಂದಾಣಿಕೆ ಎಂಬುದು ಆಯಾ ವ್ಯಕ್ತಿಯ ಅಗತ್ಯವನ್ನು ನೋಡಿ ಕೊಡಬೇಕಾದದ್ದು ಎಂಬುದನ್ನು ಬಿಡಿಸಿ ಹೇಳುತ್ತದೆ. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಅವನಿ ಪ್ರಕಾಶ್ ಪ್ರಕರಣದ ತೀರ್ಪೂ ಅಲ್ಲಿದೆ. ಡಿಸ್‌ಗ್ರಾಫಿಯಾ, ಅಂದರೆ ಬರವಣಿಗೆಯ ನ್ಯೂನತೆ, ಇದ್ದ ವಿದ್ಯಾರ್ಥಿನಿಗೆ ನೀಟ್ ಪರೀಕ್ಷೆಯಲ್ಲಿ ಸಿಗಬೇಕಿದ್ದ ಹೆಚ್ಚುವರಿ ಒಂದು ಗಂಟೆ ಸಿಗಲಿಲ್ಲ. ಪರೀಕ್ಷಾ ಕೇಂದ್ರದ ಸಿಬ್ಬಂದಿಗೆ ನಿಯಮಿತವಾಗಿ ತರಬೇತಿ ನೀಡಬೇಕೆಂದು ನ್ಯಾಯಾಲಯ ಹೇಳಿತು. ತರಬೇತಿಯ ಕೊರತೆಯಿಂದ ಒಂದು ಮಗುವಿನ ಒಂದು ಗಂಟೆ ಹೋಯಿತು ಎಂಬ ಮಾತು ನಮ್ಮ ಕಚೇರಿಯವರ ಮನಸ್ಸಿಗೆ ನಾಟಿತು. ಈಗ ಶಾಲೆಯ ಮಟ್ಟದ ಪರೀಕ್ಷೆಗಳಲ್ಲಿ ನನ್ನ ಟಿಪ್ಪಣಿಯೊಂದಿದ್ದರೆ ಸಾಕು, ಸಮಯ ಕೊಡುತ್ತಾರೆ. ಈ ಒಂದು ಪಾಠಕ್ಕಾಗಿಯೇ ಚಂದಾ ಸಾರ್ಥಕವಾಯಿತು ಎಂದು ಹೇಳಬಲ್ಲೆ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಪಾಠ ಅರ್ಧ ಒಳ್ಳೆಯದು. 19ನೇ ಕಲಂನ ಪ್ರಕಾರ ಸಾಕ್ಷ್ಯ ಕೈಗೆ ಸಿಗುವವರೆಗೆ ಕಾಯಬೇಕಿಲ್ಲ, ಅಪರಾಧ ನಡೆಯಬಹುದೆಂಬ ಆತಂಕವಿದ್ದರೂ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು, ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಎಂಬುದನ್ನು ಸನ್ನಿವೇಶಗಳ ಮೂಲಕ ಚೆನ್ನಾಗಿ ಕಲಿಸುತ್ತಾರೆ. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯದಲ್ಲಿ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ ಆಗಬಹುದೆಂಬುದನ್ನೂ ಹೇಳುತ್ತಾರೆ. ಆದರೆ ನಮ್ಮ ವೃತ್ತಿಗೆ ನೇರವಾಗಿ ಸೇರಿದ ಮಾತನ್ನೇ ಬಿಟ್ಟಿದ್ದಾರೆ. 26 ಮತ್ತು 38ನೇ ಕಲಂಗಳ ಪ್ರಕಾರ ಮಾನಸಿಕ ಅಥವಾ ದೈಹಿಕ ನ್ಯೂನತೆಯಿರುವ ಮಗುವಿನ ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ಅಥವಾ ಆ ಮಗು ಸಂವಹನ ನಡೆಸುವ ಬಗೆ ಬಲ್ಲವರ ನೆರವನ್ನು ಪಡೆಯಬಹುದು. ಮಾತು ಬಾರದ ಮಗು ಚಿತ್ರ ತೋರಿಸಿ, ಕೈ ಹಿಡಿದು, ಕಣ್ಣಿನಲ್ಲಿ ಏನು ಹೇಳುತ್ತದೆ ಎಂಬುದನ್ನು ಬಲ್ಲವರು ದಿನವೂ ಅದರ ಜೊತೆಗಿರುವವರು. ನಾಳೆ ಠಾಣೆಯಿಂದ ಕರೆ ಬಂದರೆ ನಾನು ಏನು ಒಯ್ಯಬೇಕು, ಮಗುವಿನ ಉತ್ತರದೊಳಗೆ ನನ್ನ ಊಹೆ ಬೆರೆಯದಂತೆ ಹೇಗೆ ಕುಳಿತುಕೊಳ್ಳಬೇಕು ಎಂಬುದನ್ನು ಕಲಿಸದ ತರಬೇತಿಯನ್ನು ವಿಶೇಷ ಶಿಕ್ಷಕರಿಗಾಗಿ ಮಾಡಿದ್ದೆಂದು ಹೇಗೆ ಕರೆಯುವುದು? ಎರಡು ಬಾರಿ ಕಂಪನಿಗೆ ಬರೆದೆ. ಸೇರಿಸುತ್ತೇವೆಂಬ ಉತ್ತರ ಬಂದಿದೆ, ಪಾಠ ಬಂದಿಲ್ಲ.

ಇನ್ನು ಭಾಷೆಯ ವಿಷಯ. ಕನ್ನಡ ಆವೃತ್ತಿ ಬಂದಾಗ ನಮಗೆ ತುಂಬ ಸಂತೋಷವಾಗಿತ್ತು. ತೆರೆದು ನೋಡಿದರೆ ಯಂತ್ರದಿಂದ ಮಾಡಿಸಿದ ಅನುವಾದ. ‘ರೀಸನಬಲ್ ಅಕಾಮಡೇಶನ್’, ಅಂದರೆ ಅಗತ್ಯಕ್ಕೆ ತಕ್ಕ ಹೊಂದಾಣಿಕೆ, ಎಂಬುದು ‘ಸಮಂಜಸವಾದ ವಸತಿ’ ಆಗಿತ್ತು; ಹಾಸ್ಟೆಲ್ ಸೌಲಭ್ಯದ ಪಾಠವೆಂದು ಇಬ್ಬರು ಶಿಕ್ಷಕರು ಅದನ್ನು ಬಿಟ್ಟು ಮುಂದೆ ಹೋಗಿದ್ದರು. ಅದಕ್ಕಿಂತ ಗಂಭೀರವಾದದ್ದು ಇನ್ನೊಂದು ಪದ. ಮಗುವನ್ನು ಹಿಡಿದು ಅಥವಾ ಕಟ್ಟಿ ನಿರ್ಬಂಧಿಸುವುದಕ್ಕೆ ಇಂಗ್ಲಿಷಿನಲ್ಲಿ ಇದ್ದ ‘ರೆಸ್ಟ್ರೇಂಟ್’ ಎಂಬುದನ್ನು ‘ಸಂಯಮ’ ಎಂದು ಮಾಡಲಾಗಿತ್ತು. ‘ಮಗುವಿನ ಮೇಲೆ ಸಂಯಮವನ್ನು ಬಳಸಬಾರದು’ ಎಂಬ ವಾಕ್ಯವನ್ನು ಓದಿದವರಿಗೆ ಏನು ಅರ್ಥವಾಗಬೇಕು? ಕಾನೂನಿನ ತರಬೇತಿಯಲ್ಲಿ ಒಂದು ಪದ ತಲೆಕೆಳಗಾದರೆ ಅದರ ಭಾರ ಬೀಳುವುದು ಮಗುವಿನ ಮೈಮೇಲೆ.

ಹೀಗೆ ಹೇಳಲು ಕಾರಣವಿದೆ. ಎರಡನೆಯ ವರ್ಷದ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಮ್ಮ ಆಯಾ ಒಬ್ಬರು ಆಟಿಸಂ ಇರುವ ಹುಡುಗನನ್ನು ದುಪಟ್ಟಾದಿಂದ ಕುರ್ಚಿಗೆ ಕಟ್ಟಿ ಕೂರಿಸಿದ್ದನ್ನು ಕಂಡೆ. ಅವನು ಎದ್ದರೆ ಓಡುತ್ತಾನೆ. ಗೇಟಿನಾಚೆ ವಾಹನಗಳು ಬಿಡುವಿಲ್ಲದೆ ಓಡಾಡುವ ಹೆದ್ದಾರಿ. ‘ಕಟ್ದೆ ಬುಟ್ರೆ ಮಗ ರೋಡಿಗ್ ಓಯ್ತದಲ್ಲ ಮೇಡಂ’ ಎಂದರು ಆಕೆ. ಆ ಮಗುವನ್ನು ನಮ್ಮೆಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿದ್ದವರು ಅವರೇ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂಬುದಾಗಲಿ, ತನ್ನ ವಶದಲ್ಲಿರುವ ಮಗುವಿಗೆ ಅನಗತ್ಯ ನೋವು ಕೊಡುವವರಿಗೆ ಬಾಲ ನ್ಯಾಯ ಕಾಯ್ದೆಯ 75ನೇ ಕಲಂ ಮೂರು ವರ್ಷದವರೆಗೆ ಶಿಕ್ಷೆ ಹೇಳುತ್ತದೆ ಎಂಬುದಾಗಲಿ ಆಕೆಗೆ ಯಾರೂ ಹೇಳಿರಲಿಲ್ಲ. ಏಕೆ ಹೇಳಿರಲಿಲ್ಲ ಎಂದರೆ, ಶಾಲೆ ಕೊಂಡಿದ್ದ ಆರು ಪರವಾನಗಿಗಳೂ ಶಿಕ್ಷಕರ ಹೆಸರಿನಲ್ಲಿದ್ದವು. ಮಗುವಿಗೆ ಊಟ ಮಾಡಿಸುವ, ಬಟ್ಟೆ ಬದಲಿಸುವ, ಶೌಚಾಲಯಕ್ಕೆ ಕರೆದೊಯ್ಯುವ, ವ್ಯಾನಿನಲ್ಲಿ ಪಕ್ಕದಲ್ಲಿ ಕೂರುವ ಯಾರೊಬ್ಬರೂ ಆ ಪಟ್ಟಿಯಲ್ಲಿ ಇರಲಿಲ್ಲ. ಕೈ ಹಿಡಿಯುವವರನ್ನು ಬಿಟ್ಟು ಪಾಠ ಹೇಳುವವರಿಗೆ ಮಾತ್ರ ಕಲಿಸಿದ್ದೆವು. ಇದು ಶಾಲೆಯ ತಪ್ಪು, ಪಟ್ಟಿ ಬರೆದುಕೊಟ್ಟ ನನ್ನ ತಪ್ಪೂ ಹೌದು. ಆದರೆ ಕಂಪನಿಯ ಮಾರಾಟದವರು ‘ಬೋಧಕ ಸಿಬ್ಬಂದಿ ಎಷ್ಟು?’ ಎಂದಷ್ಟೇ ಕೇಳಿದ್ದರು ಎಂಬುದನ್ನೂ ಹೇಳಬೇಕು.

ಅಂದೇ ಸಂಜೆ ಹುಡುಗನ ಪೋಷಕರಿಗೆ ನಡೆದದ್ದನ್ನು ಇದ್ದಂತೆಯೇ ತಿಳಿಸಿ ಘಟನೆ ಪುಸ್ತಕದಲ್ಲಿ ಬರೆದೆವು. ಕಟ್ಟಬಾರದು ಎಂಬುದು ತರಬೇತಿಯಿಂದ ಗೊತ್ತಾಯಿತು. ಕಟ್ಟದೆ ಏನು ಮಾಡಬೇಕು ಎಂಬುದು ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅದನ್ನು ನಾವೇ ಕಂಡುಕೊಂಡೆವು. ಗೇಟಿಗೆ ಎತ್ತರದಲ್ಲಿ ಇನ್ನೊಂದು ಚಿಲಕ, ಊಟದ ಹೊತ್ತಿಗೆ ಇನ್ನೊಬ್ಬರ ನೆರವು, ಎಲ್ಲರಿಗಿಂತ ಹತ್ತು ನಿಮಿಷ ಮೊದಲು ಸದ್ದಿಲ್ಲದ ಕೊಠಡಿಯಲ್ಲಿ ಊಟ, ತಟ್ಟೆ ಖಾಲಿಯಾದ ಮೇಲೆ ಆವರಣದೊಳಗೆ ಅವನಿಗೆ ಇಷ್ಟವಾದ ಎರಡು ಸುತ್ತಿನ ಓಟ. ಇವನ್ನೆಲ್ಲ ಅವನ ಐಇಪಿಗೆ ಸೇರಿಸಿದೆವು. ಓಡಬೇಕೆಂಬುದು ಅವನ ಮೈಯ ಅಗತ್ಯವಾಗಿತ್ತು. ಆ ಅಗತ್ಯವನ್ನು ನಾವು ಗುರುತಿಸಲು ಒಂದು ವರ್ಷ ಹಿಡಿಯಿತು ಎಂಬ ನೋವು ನನಗೆ ಈಗಲೂ ಇದೆ.

ಮೂರನೆಯ ವರ್ಷ ಇನ್ನೂ ಮೂರು ಪರವಾನಗಿ ಕೊಂಡು ಇಬ್ಬರು ಆಯಾಗಳನ್ನೂ ವ್ಯಾನ್ ಸಹಾಯಕರನ್ನೂ ಸೇರಿಸಿದೆವು. ಒಬ್ಬೊಬ್ಬರೇ ಫೋನಿನಲ್ಲಿ ನೋಡುವ ಕ್ರಮವನ್ನು ಕೈಬಿಟ್ಟು, ಶನಿವಾರ ತರಗತಿ ಮುಗಿದ ಮೇಲೆ ಪ್ರೊಜೆಕ್ಟರ್ ಹಾಕಿ, ಒಂದೊಂದು ಸನ್ನಿವೇಶಕ್ಕೆ ನಿಲ್ಲಿಸಿ, ನಮ್ಮ ಆಡುಮಾತಿನಲ್ಲಿ ಬಿಡಿಸಿ ಹೇಳುತ್ತೇನೆ. ಆಗ ಬರುವ ಪ್ರಶ್ನೆಗಳು ಕಂಪನಿಯ ಹತ್ತು ಪ್ರಶ್ನೆಗಳಿಗಿಂತ ಎಷ್ಟೋ ಮೇಲು. ಬಟ್ಟೆ ಬದಲಿಸುವಾಗ ಬಾಗಿಲು ಹಾಕಬೇಕೋ ತೆರೆದಿಡಬೇಕೋ ಎಂದು ವ್ಯಾನ್ ಸಹಾಯಕರು ಕೇಳಿದಾಗ, ಮಗುವಿನ ಮಾನವನ್ನೂ ರಕ್ಷಣೆಯನ್ನೂ ಒಟ್ಟಿಗೆ ಕಾಯುವ ಕ್ರಮವೊಂದನ್ನು ನಾವು ಬರೆದಿಟ್ಟೇ ಇರಲಿಲ್ಲ ಎಂಬುದು ಅರಿವಾಯಿತು. ಪಾಠದ ಕೊನೆಯ ಪ್ರಶ್ನೆಗಳನ್ನಂತೂ ವಿಡಿಯೊ ನೋಡದೆಯೇ ಊಹಿಸಿ ಪಾಸಾಗಬಹುದು. ಆ ಪ್ರಮಾಣಪತ್ರವನ್ನು ನಂಬಿ ಯಾರೂ ನಿಶ್ಚಿಂತರಾಗಬಾರದು.

ಮಕ್ಕಳ ಫೋಟೊ, ಥೆರಪಿಯ ವಿಡಿಯೊಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಬಗ್ಗೆ ಇರುವ ಚಿಕ್ಕ ಪಾಠ ಸ್ಪಷ್ಟವಾಗಿದೆ; ಅದಾದ ಮೇಲೆ ನಮ್ಮಲ್ಲಿ ಆ ಅಭ್ಯಾಸ ನಿಂತಿದೆ. ಹೊಸ ತೀರ್ಪುಗಳನ್ನು ಸೇರಿಸುವುದರಲ್ಲಿಯೂ ಅವರು ಚುರುಕಾಗಿದ್ದಾರೆ.

ಒಟ್ಟು ಐದರಲ್ಲಿ ಮೂರು ಅಂಕ ಕೊಡುತ್ತೇನೆ. ‘ಸಂಯಮ’ವನ್ನು ‘ಕಟ್ಟಿಹಾಕುವುದು’ ಎಂದೂ, ‘ವಸತಿ’ಯನ್ನು ‘ಹೊಂದಾಣಿಕೆ’ ಎಂದೂ ತಿದ್ದಿದ ಪಟ್ಟಿಯನ್ನು ನಾನೇ ಮಾಡಿ ಕಳುಹಿಸಿದ ಮೇಲೆ ಎರಡು ಪಾಠಗಳಿಗೆ ಕನ್ನಡದವರೇ ಓದಿದ ಧ್ವನಿ ಬಂದಿದೆ, ಏಳು ಉಳಿದಿವೆ. ಆಡಳಿತ ಮಂಡಳಿಯವರು ರಿಯಾಯಿತಿ ದರದ ಮೂರು ವರ್ಷದ ಚಂದಾಕ್ಕೆ ಒಲವು ತೋರಿದ್ದರು. ಸದ್ಯ ಒಂದೇ ವರ್ಷಕ್ಕೆ ಕಟ್ಟಿ, ಉಳಿಯುವ ಹಣದಲ್ಲಿ ಹೊಸದಾಗಿ ಸೇರುವ ಆಯಾಗಳಿಗೂ ಗೇಟಿನ ಕಾವಲುಗಾರರಿಗೂ ಪರವಾನಗಿ ಕೊಳ್ಳಬೇಕೆಂದು ಬರೆದುಕೊಟ್ಟಿದ್ದೇನೆ.