ಎರಡು ಸೀಸನ್ ಬಳಸಿದ ಮೇಲೆ: ದರ ನೋಡುವ ಮೊದಲು ಪ್ರಶ್ನೆಯ ಒಕ್ಕಣೆ ಓದಿ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡವೊಂದು ಸೀಸನ್ನಿನ 82 ಪಂದ್ಯಗಳಲ್ಲಿ ಎಷ್ಟು ಗೆಲ್ಲಬಹುದು ಎಂಬ ಪ್ರಶ್ನೆಗಳಿಗಾಗಿಯೇ ನಾನು ಈ ಪ್ರೆಡಿಕ್ಷನ್ ಮಾರ್ಕೆಟ್ (ಮುಂದೆ ಏನಾಗಬಹುದು ಎಂಬುದರ ಮೇಲೆ ‘ಹೌದು’, ‘ಇಲ್ಲ’ ಚೀಟಿಗಳನ್ನು ಕೊಂಡು ಮಾರುವ) ತಾಣವನ್ನು ಬೆಂಗಳೂರಿನಿಂದ ಎರಡು ಸೀಸನ್ ಬಳಸಿದ್ದೇನೆ. ಇಲ್ಲಿ ಚಲಾವಣೆಯಲ್ಲಿರುವುದು ತಾಣವೇ ಕೊಡುವ ಆಟದ ನಾಣ್ಯವೇ ಹೊರತು ದುಡ್ಡಲ್ಲ. ನನ್ನ ದೂರನ್ನೂ ಅಷ್ಟರಮಟ್ಟಿಗೇ ತೆಗೆದುಕೊಳ್ಳಬೇಕು.

‘ಹೌದು’ ಚೀಟಿ 40 ನಾಣ್ಯಕ್ಕೆ ಸಿಗುತ್ತಿದ್ದರೆ, ಆ ಸಾಧ್ಯತೆ ಸುಮಾರು ಶೇ 40 ಎಂದು ಮಾರುಕಟ್ಟೆ ಅಂದಾಜಿಸಿದೆ ಎಂದರ್ಥ. ಕೊನೆಗೆ ನಿಜವಾದರೆ ಚೀಟಿಗೆ 100 ನಾಣ್ಯ, ಇಲ್ಲವಾದರೆ ಸೊನ್ನೆ.

2024–25ರಲ್ಲಿ ನಾನು ಹಿಡಿದುಕೊಂಡಿದ್ದು ಮಿಲ್ವಾಕೀ ಬಕ್ಸ್ ತಂಡದ ‘49 ಅಥವಾ ಹೆಚ್ಚು ಗೆಲುವು’ ಎಂಬ ಪ್ರಶ್ನೆಯನ್ನು. ಯಾನಿಸ್ ಆಂಟೆಟೊಕೌಂಪೊ, ಡೇಮಿಯನ್ ಲಿಲ್ಲಾರ್ಡ್ ಎಂಬ ಇಬ್ಬರು ತಾರಾ ಆಟಗಾರರೂ ಇದ್ದ ಆ ತಂಡ ಮೊದಲ 10 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ದರ ನೆಲ ಕಚ್ಚಿತು, ನಾನು ಅದನ್ನು ಗಾಬರಿ ಎಂದುಕೊಂಡು ಇನ್ನಷ್ಟು ‘ಹೌದು’ ಕೊಂಡೆ. ಆದರೆ ಉಳಿದ 72ರಲ್ಲಿ 47 ಗೆಲ್ಲಬೇಕಿತ್ತೆಂಬುದನ್ನು ಕೂತು ಲೆಕ್ಕ ಹಾಕಿದಾಗ, ಗಾಬರಿ ಮಾರುಕಟ್ಟೆಯದಲ್ಲ, ಆತುರ ನನ್ನದು ಎಂದು ತಿಳಿಯಿತು. ಮಾರ್ಚ್ 25ರಂದು ಲಿಲ್ಲಾರ್ಡ್ ಅವರ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂಬ ಸುದ್ದಿ ಬಂದಾಗಲೂ, ನಾನು ಅದನ್ನು ಪೂರ್ತಿ ಓದಿ ಮುಗಿಸುವಷ್ಟರಲ್ಲಿ ದರ ಇಳಿದಿತ್ತು. ಈ ವಿಷಯದಲ್ಲಿ ತಾಣಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ತೊಡಕು ಶುರುವಾದದ್ದು ಆಮೇಲೆ. ಮಾರ್ಚ್ ಕೊನೆಗೆ ತಂಡದ ಲೆಕ್ಕ 40 ಗೆಲುವು, 34 ಸೋಲು. ಉಳಿದ ಎಂಟನ್ನೂ ಗೆದ್ದರೂ 48 ದಾಟುವಂತಿರಲಿಲ್ಲ; ‘ಹೌದು’ ಚೀಟಿ ಅಂದೇ ಸೊನ್ನೆಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಕಾರಣ, ಡಿಸೆಂಬರ್ 17ರಂದು ಲಾಸ್ ವೇಗಸ್‌ನಲ್ಲಿ ಬಕ್ಸ್ ತಂಡ ಒಕ್ಲಹೋಮ ಸಿಟಿ ಥಂಡರ್ ತಂಡವನ್ನು 97–81ರಿಂದ ಸೋಲಿಸಿ, ಸೀಸನ್ನಿನ ನಡುವೆಯೇ ನಡೆಯುವ ಎನ್‌ಬಿಎ ಕಪ್ ಗೆದ್ದಿತ್ತು. ಕಪ್ಪಿನ ಉಳಿದೆಲ್ಲ ಪಂದ್ಯಗಳು 82ರ ಲೆಕ್ಕಕ್ಕೆ ಸೇರುತ್ತವೆ, ಫೈನಲ್ ಮಾತ್ರ ಸೇರುವುದಿಲ್ಲ. ಪ್ರಶ್ನೆ ಬರೆದವರು ‘ಈ ಸೀಸನ್ನಿನಲ್ಲಿ’ ಎಂದಷ್ಟೇ ಬರೆದು ಸುಮ್ಮನಾಗಿದ್ದರು; ಹಾಗಾಗಿ ಫೈನಲ್ ಗೆಲುವನ್ನೂ ಎಣಿಸಬಹುದೆಂದು ವಾದಿಸಲು ಜಾಗವಿತ್ತು.

ತಂಡ ಒಂದೊಂದೇ ಗೆಲ್ಲುತ್ತ ಹೋದಂತೆ ದರವೂ ಏರತೊಡಗಿತು. ಬೆಳಗಿನ ಕಾಫಿ ಹೊತ್ತಿಗೆ ಪಂದ್ಯದ ಫಲಿತಾಂಶ ನೋಡಿ, ನಂತರ ಚರ್ಚೆಯ ಪುಟದಲ್ಲಿ ‘ಸೀಸನ್’ ಎಂಬ ಪದದ ಮೇಲಿನ ವಾದ ಓದುವುದೇ ನನ್ನ ದಿನಚರಿಯಾಯಿತು. ವಕೀಲರಾಗಿದ್ದ ನಮ್ಮ ಅಜ್ಜನವರು ಇದ್ದಿದ್ದರೆ ಇದನ್ನು ಬಹಳ ಮೆಚ್ಚುತ್ತಿದ್ದರು. ಏಪ್ರಿಲ್ 13ರಂದು ಎಂಟನೆಯದನ್ನೂ ಗೆದ್ದು ತಂಡ 48ಕ್ಕೆ ನಿಂತಿತು. ಕಪ್ ಫೈನಲ್ ಸೇರಿಸಿದರೆ ಸರಿಯಾಗಿ 49. ಆ ಹೊತ್ತಿಗೆ ಚೀಟಿಯ ದರ ಹೇಳುತ್ತಿದ್ದದ್ದು ಬ್ಯಾಸ್ಕೆಟ್‌ಬಾಲ್ ಬಗ್ಗೆ ಅಲ್ಲ, ತೀರ್ಪು ಕೊಡುವವರ ಮನಸ್ಸಿನ ಬಗ್ಗೆ. ಆರು ದಿನ ಕಾಯಿಸಿ ‘ಇಲ್ಲ’ ಎಂದು ತೀರ್ಪಿತ್ತರು. ತೀರ್ಪು ಸರಿಯೇ, ಆದರೆ ತಾಣದ ನಿರ್ವಾಹಕರಿಗೆ ನಾನು ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ.

ಉಳಿದಂತೆ, ಅಕ್ಟೋಬರ್‌ನಲ್ಲಿ ಹಾಕಿದ ನಾಣ್ಯ ಏಪ್ರಿಲ್‌ವರೆಗೆ ಸಿಕ್ಕಿಕೊಂಡಿರುತ್ತದೆ. ಹೆಚ್ಚು ಅಭಿಮಾನಿಗಳಿಲ್ಲದ ತಂಡಗಳ ಚೀಟಿಗೆ ಕೊಳ್ಳುವವರೇ ಸಿಗುವುದಿಲ್ಲ. ಬಕ್ಸ್ ಪ್ರಶ್ನೆ ಬರೆದಿದ್ದ ವ್ಯಕ್ತಿಯೇ ಮರುವರ್ಷ ಹಾಕಿದ ಪ್ರಶ್ನೆಗಳಲ್ಲಿ ಮೊದಲ ಸಾಲೇ ‘ಕಪ್ ಫೈನಲ್ ಲೆಕ್ಕಕ್ಕಿಲ್ಲ’ ಎಂದಿತ್ತು. ಐದರಲ್ಲಿ ಮೂರೂವರೆ ನಕ್ಷತ್ರ.