ಅಫ್ಘಾನಿಸ್ತಾನವೋ, ನೆದರ್‌ಲೆಂಡ್ಸೋ?

ಟಿ20 ವಿಶ್ವಕಪ್ ಬಂತು ಅಂದ್ರೆ ಶಿವಮೊಗ್ಗದ ಚಹಾ ಅಂಗಡಿಗಳಲ್ಲಿ ಭಾರತ ಬಿಟ್ಟು ಇನ್ನೊಂದು ತಂಡದ ಪರವೂ ವಾದ ಶುರುವಾಗುತ್ತದೆ. ಯಾರನ್ನು ಹಿಡಿಯಬೇಕು?

ಅಫ್ಘಾನಿಸ್ತಾನವನ್ನು ಸಣ್ಣ ತಂಡ ಅನ್ನುವುದೇ ಈಗ ಕಷ್ಟ. 2024ರ ಟಿ20 ವಿಶ್ವಕಪ್‌ನಲ್ಲಿ ನ್ಯೂಜಿಲೆಂಡನ್ನು 84 ರನ್‌ಗಳಿಂದ, ಆಸ್ಟ್ರೇಲಿಯಾವನ್ನು 21 ರನ್‌ಗಳಿಂದ ಸೋಲಿಸಿ ಸೆಮಿಫೈನಲ್‌ಗೆ ಬಂತು. ಸ್ಪಿನ್ನರ್ ರಶೀದ್ ಖಾನ್ ಗೂಗ್ಲಿ (ಬ್ಯಾಟರ್ ಅಂದುಕೊಂಡಿದ್ದಕ್ಕೆ ಉಲ್ಟಾ ತಿರುಗುವ ಎಸೆತ) ಎಷ್ಟು ಜೋರು ಅಂದ್ರೆ, ಬ್ಯಾಟ್ ಕೆಳಗೆ ಬರುವಷ್ಟರಲ್ಲಿ ಚೆಂಡು ಪ್ಯಾಡಿಗೆ ಬಡಿದಿರುತ್ತದೆ. ಎಡಗೈ ವೇಗಿ ಫಾರೂಕಿ ಆ ಟೂರ್ನಿಯಲ್ಲಿ 17 ವಿಕೆಟ್ ಕಿತ್ತರು. ತಲೆನೋವು ಬ್ಯಾಟಿಂಗ್‌ನದು. ಆರಂಭಿಕರಾದ ಗುರ್ಬಾಜ್, ಇಬ್ರಾಹಿಂ ಜದ್ರಾನ್ ಬೇಗ ಔಟಾದರೆ ಮಧ್ಯದಲ್ಲಿ ಕೈಹಿಡಿಯುವವರು ಕಮ್ಮಿ. ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು 56ಕ್ಕೆ ಆಲೌಟ್! ಮಳೆಗೆ ಹೋದ ಕರೆಂಟ್ ತೀರ್ಥಹಳ್ಳಿ ಕಡೆ ವಾಪಸ್ ಬರುವಷ್ಟರಲ್ಲಿ ಮ್ಯಾಚೇ ಮುಗಿದಿರಬೇಕು.

ನೆದರ್‌ಲೆಂಡ್ಸ್ ಲೆಕ್ಕ ಬೇರೆ. ದೊಡ್ಡ ಹೆಸರುಗಳಿಲ್ಲ, ಆದರೆ ಹೆದರುವುದಿಲ್ಲ. 2022ರ ಟಿ20 ವಿಶ್ವಕಪ್‌ನಲ್ಲಿ ಅಡಿಲೇಡ್‌ನಲ್ಲಿ, 2023ರ ಏಕದಿನ ವಿಶ್ವಕಪ್‌ನಲ್ಲಿ ಧರ್ಮಶಾಲಾದಲ್ಲಿ, ಎರಡೂ ಸಲ ಕೆಡವಿದ್ದು ದಕ್ಷಿಣ ಆಫ್ರಿಕಾವನ್ನೇ. ಹಾಗಂತ ಸಾಲಾಗಿ ನಾಲ್ಕೈದು ಪಂದ್ಯ ಗೆಲ್ಲುತ್ತಾರಾ? ಅನುಮಾನ.

ಕಪ್ ಹತ್ತಿರ ಹೋಗುವ ತಂಡ ಬೇಕಾದರೆ ಅಫ್ಘಾನಿಸ್ತಾನವೇ ಸರಿ. ಪಿಚ್‌ನಲ್ಲಿ ಚೆಂಡು ತಿರುಗಿದರೆ ಅವರ ಚಾನ್ಸ್ ಇನ್ನೂ ಜಾಸ್ತಿ. ಟೂರ್ನಿಯಲ್ಲಿ ಒಂದೇ ಒಂದು ಶಾಕ್ ಸಾಕು ಅನ್ನುವವರು ಸುಮ್ನೆ ನೆದರ್‌ಲೆಂಡ್ಸ್‌ನ ಕಿತ್ತಳೆ ಜೆರ್ಸಿ ಕಡೆ ಹೋಗಿ.